‘ಇಲ್ನೋಡಿ’ ಅಂದ್ರೆ ಎಲ್ಲಿ ನೋಡ್ಲಿ?

ನಮ್ಮ ಚಿಂತಾಮಣಿ ಕಡೆ ಹಳೇ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನಮ್ಮ ದೊಡ್ಡಮ್ಮನೂ ಹಾಗೆಯೇ. 46 ವರ್ಷದ ಸಂಸಾರದಲ್ಲಿ ಅವರು ದೊಡ್ಡಪ್ಪನನ್ನು ಕರೆದದ್ದು ಒಂದೇ ಮಾತಿನಲ್ಲಿ, ‘ಇಲ್ನೋಡಿ’. ಊಟಕ್ಕೆ ಕರೆಯುವಾಗಲೂ ಇಲ್ನೋಡಿ, ಗ್ಯಾಸ್ ಖಾಲಿಯಾದರೂ ಇಲ್ನೋಡಿ, ಮಗನಿಗೆ ಜ್ವರ ಬಂದರೂ ಇಲ್ನೋಡಿ. ದೊಡ್ಡಪ್ಪನ ಕಡೆಯಿಂದ ‘ಇವಳೇ’ ಅಂತ ಒಂದು ಕೂಗು. ಉಳಿದ ಸಂಸಾರವೆಲ್ಲ ಕಣ್ಣಲ್ಲೇ ನಡೆಯುತ್ತಿತ್ತು. ನೆಂಟರು ಬಂದಾಗ ಕಾಫಿಗೆ ಹಾಲಿಲ್ಲ ಅಂತ ಹೇಳಲು ದೊಡ್ಡಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಒಂದು ನೋಟ ನೋಡಿದರೆ ಸಾಕು, ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಡುತ್ತಿದ್ದರು.

ಈಗ ದೊಡ್ಡಪ್ಪನಿಗೆ 74. ಎಡಗಣ್ಣಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಬಲಗಣ್ಣಲ್ಲಿ ಪೈಪಿನೊಳಗಿಂದ ನೋಡಿದ ಹಾಗೆ ಒಂದಿಷ್ಟು ಕಾಣುತ್ತದೆ. ದೊಡ್ಡಮ್ಮ ಅಭ್ಯಾಸಬಲದಿಂದ ‘ಇಲ್ನೋಡಿ’ ಅಂದರೆ, ‘ಇಲ್ಲಿ ಅಂದ್ರೆ ಎಲ್ಲಿ? ಎಲ್ಲಿ ನೋಡ್ಲಿ ನಾನು?’ ಅಂತ ರೇಗುತ್ತಾರೆ. ಕೇಳಿದವರಿಗೆ ನಗು ಬರಬಹುದು. ಆ ಮನೆಯಲ್ಲಿ ಇದೇ ಮಾತಿಗೆ ಎರಡು ಹೊತ್ತು ಊಟ ಬಿಟ್ಟ ದಿನಗಳಿವೆ.

ಅವರಿರುವುದು ಬೆಂಗಳೂರಿನ ಕಮ್ಮನಹಳ್ಳಿಯಲ್ಲಿ. ದೊಡ್ಡಪ್ಪ ಕೆ.ಆರ್. ಪುರದ ಹತ್ತಿರ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿದ್ದವರು. 1948ರಲ್ಲಿ ಶುರುವಾದ ಕಾರ್ಖಾನೆ ಅದು. ಬೆರಳು ತೂರಿಸಿ ತಿರುಗಿಸುವ ಕಪ್ಪು ಫೋನು ನೆನಪಿದೆಯಲ್ಲ, ಅಲ್ಲೇ ತಯಾರಾಗುತ್ತಿದ್ದದ್ದು. ಅವರು ಸೈಟು ಕೊಂಡ ಕಾಲಕ್ಕೆ ಕಮ್ಮನಹಳ್ಳಿ ಇನ್ನೂ ಅರ್ಧ ಹಳ್ಳಿಯೇ. ಈಗ ಮೇನ್ ರೋಡಲ್ಲಿ ಸಂಜೆಯಾದರೆ ಹೋಟೆಲು, ಬಟ್ಟೆ ಅಂಗಡಿ, ಊಟ ತಲುಪಿಸುವ ಹುಡುಗರ ಬೈಕು, ಕಾಲಿಡಲು ಜಾಗವಿಲ್ಲ. ಕೆಳಗೆ ಇವರಿಬ್ಬರು, ಮೊದಲ ಮಹಡಿಯಲ್ಲಿ ಅಣ್ಣ ಅತ್ತಿಗೆ, ಅದರ ಮೇಲೆ ಎರಡು ಬಾಡಿಗೆ ಮನೆ. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ನಾನು ಇದ್ದದ್ದು ಆ ಮನೆಯಲ್ಲೇ. ಬೆಳಿಗ್ಗೆ ಪೇಪರಿನ ತಪ್ಪುಗಳಿಗೆಲ್ಲ ಕೆಂಪು ಪೆನ್ನಲ್ಲಿ ಗೆರೆ ಎಳೆದು ನನ್ನ ಮುಂದೆ ಇಡುತ್ತಿದ್ದ ಮನುಷ್ಯ ಅವರು. ಈಗಲೂ ವರದಿ ಕೆಲಸಕ್ಕೆ ಬೆಂಗಳೂರಿಗೆ ಹೋದರೆ ರಾತ್ರಿ ಅಲ್ಲೇ ಉಳಿಯುತ್ತೇನೆ. ಆದ್ದರಿಂದ ಐದಾರು ವರ್ಷದಿಂದ ಆ ಮನೆಯಲ್ಲಿ ಆದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಬರೆಯುತ್ತೇನೆ ಅಂದಾಗ ದೊಡ್ಡಮ್ಮ ‘ಹೆಸರು ಹಾಕ್ಬೇಡ, ಮಿಕ್ಕಿದ್ದು ಬರ್ಕೋ’ ಅಂದರು.

ಅವರಿಗೆ ಬಂದಿರುವುದು ಗ್ಲಾಕೋಮಾ. ಕಣ್ಣಿನಿಂದ ಮೆದುಳಿಗೆ ಹೋಗುವ ನರ ಹಾಳಾಗುತ್ತಾ ಬರುವ ಕಾಯಿಲೆ. ಹೆಚ್ಚಿನವರಲ್ಲಿ ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ಹೀಗಾಗುತ್ತದೆ. ಸಾಮಾನ್ಯವಾಗಿ ಬರುವ ಬಗೆಯಲ್ಲಿ ನೋವಿಲ್ಲ, ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಮೊದಲು ಹೋಗುವುದು ಪಕ್ಕದ ನೋಟ. ನೇರ ನೋಟ ಕೊನೆಯವರೆಗೂ ಉಳಿದಿರುತ್ತದೆ. ಸಂಸಾರದಲ್ಲಿ ಮೊದಲ ಜಗಳ ಹುಟ್ಟಿದ್ದು ಇದರಿಂದಲೇ.

ಯಾಕೆಂದರೆ ಆ ದಿನಗಳಲ್ಲಿ ದೊಡ್ಡಪ್ಪ ಪೇಪರ್ ಓದುತ್ತಿದ್ದರು, ಸೂಜಿಗೆ ದಾರ ಪೋಣಿಸುತ್ತಿದ್ದರು. ಆದರೆ ಕಾಲ ಹತ್ತಿರವೇ ಇದ್ದ ಬಕೆಟ್ಟನ್ನು ಒದ್ದು ನೀರು ಚೆಲ್ಲುತ್ತಿದ್ದರು. ಅರ್ಧ ತೆರೆದ ಬಾಗಿಲಿಗೆ ಹಣೆ ಹೊಡೆದುಕೊಳ್ಳುತ್ತಿದ್ದರು. ದೊಡ್ಡಮ್ಮ ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತರೂ ತಿರುಗುತ್ತಿರಲಿಲ್ಲ. ‘ಪೇಪರಲ್ಲಿ ಇರುವೆಯಂಥ ಅಕ್ಷರ ಕಾಣುತ್ತೆ, ನಾನು ಇಷ್ಟು ದಪ್ಪ ನಿಂತಿದ್ರೆ ಕಾಣಲ್ವಾ?’ ಎನ್ನುವುದು ದೊಡ್ಡಮ್ಮನ ಮಾತು. ನಾಟಕ ಅಂತ ಅಣ್ಣನ ತೀರ್ಮಾನ. ಒಂದು ಮದುವೆಯಲ್ಲಿ ಬೀಗರು ಪಕ್ಕದಿಂದ ಕೈಮುಗಿದಿದ್ದಾರೆ, ಇವರು ನೋಡದೆ ಮುಂದೆ ಹೋಗಿದ್ದಾರೆ. ‘ರಿಟೈರ್ ಆದ್ಮೇಲೂ ಧಿಮಾಕು ಹೋಗಿಲ್ಲ’ ಅಂತ ಮಾತು ಬಂತು. ಆ ಮನೆಯವರು ಎರಡು ವರ್ಷ ಬಂದು ಹೋಗುವುದನ್ನೇ ನಿಲ್ಲಿಸಿದರು.

ಇದರ ಉಲ್ಟಾ ಇನ್ನೊಂದಿದೆ. ವಯಸ್ಸಾದವರಿಗೆ ಕಣ್ಣಿನ ಪರದೆಯ ನಡುಭಾಗ ಸವೆಯುವ ಕಾಯಿಲೆ. ಅದರಲ್ಲಿ ಎದುರಿಗಿರುವವರ ಮುಖ ಕಾಣುವುದಿಲ್ಲ, ಪಕ್ಕದಲ್ಲಿ ನೆಲದ ಮೇಲೆ ಬಿದ್ದ ರೂಪಾಯಿ ಕಾಣುತ್ತದೆ. ‘ಮೊಮ್ಮಗನ ಗುರುತು ಹಿಡೀಲಿಲ್ಲ, ದುಡ್ಡು ಮಾತ್ರ ಚೆನ್ನಾಗಿ ಕಾಣುತ್ತೆ’ ಅಂತ ಬೈಸಿಕೊಂಡ ಅಜ್ಜಿಯರು ನಮ್ಮೂರುಗಳಲ್ಲಿ ಎಷ್ಟು ಜನವೋ. ನಿಮ್ಮ ಮನೆಯಲ್ಲಿ ಹಿರಿಯರು ಒಂದು ಕಂಡು ಇನ್ನೊಂದು ಕಾಣಲ್ಲ ಅಂದರೆ, ದಯವಿಟ್ಟು ನಾಟಕ ಅನ್ನುವ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ.

ಕಾಯಿಲೆ ಗೊತ್ತಾದ ಮೇಲೆ ಇನ್ನೊಂದು ತಕರಾರು. ಆಪರೇಷನ್ ಮಾಡಿಸಿದರೆ ಸರಿಹೋಗುತ್ತೆ ಅಂತ ಎಲ್ಲರ ನಂಬಿಕೆ. ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಡಾ. ಎಂ.ಸಿ. ಮೋದಿ ಅವರು ಊರೂರಿಗೆ ಕಣ್ಣಿನ ಕ್ಯಾಂಪು ತಂದ ಕಾಲದಿಂದ, ಪೊರೆ ತೆಗೆದರೆ ದೃಷ್ಟಿ ಮರಳುವುದನ್ನು ನಮ್ಮ ಜನ ಕಣ್ಣಾರೆ ಕಂಡಿದ್ದಾರೆ. ದೇಶದ ಅಂಧತ್ವ ಸಮೀಕ್ಷೆ (2015-19) ಪ್ರಕಾರವೂ 50 ದಾಟಿದವರ ಅಂಧತ್ವದಲ್ಲಿ ನೂರಕ್ಕೆ 66ರಷ್ಟು ಪೊರೆಯಿಂದಲೇ. ಅದಕ್ಕೆ ಆಪರೇಷನ್ ಇದೆ, ‘ಪೊರೆ ಹಣ್ಣಾಗಲಿ’ ಅಂತ ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಗ್ಲಾಕೋಮಾದಲ್ಲಿ ಹೋದ ನೋಟ ಹೋದದ್ದೇ. ಹನಿ ಔಷಧಿ, ಲೇಸರ್, ಆಪರೇಷನ್ ಏನು ಮಾಡಿದರೂ ಉಳಿದಿರುವುದನ್ನು ಕಾಪಾಡಿಕೊಳ್ಳಲು ಮಾತ್ರ. ಇದನ್ನು ಡಾಕ್ಟರು ಮೂರು ಸಲ ಹೇಳಿದರು. ಅಣ್ಣ ಮೂರು ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಮೂರರಲ್ಲೂ ಅದೇ ಉತ್ತರ. ಅಲ್ಲಿಂದ ಬಂದ ರಾತ್ರಿ ದೊಡ್ಡಪ್ಪ ದೀಪ ಹಾಕಲು ಬಿಡಲಿಲ್ಲವಂತೆ. ‘ನಂಗಿಲ್ದಿದ್ದು ನಿಮಗ್ಯಾಕೆ’ ಅಂದರಂತೆ. ದೊಡ್ಡಮ್ಮ ಕತ್ತಲಲ್ಲೇ ಮುದ್ದೆ ತಿರುವಿದರು.

ಕಣ್ಣು ಹೋದರೆ ರಸ್ತೆ ದಾಟುವುದು, ಓದುವುದು ಕಷ್ಟ ಅಂತ ನಾವು ಅಂದುಕೊಳ್ಳುತ್ತೇವೆ. ದೊಡ್ಡಪ್ಪನಿಗೆ ಅದಕ್ಕಿಂತ ಕಷ್ಟವಾದದ್ದು ಮನೆಯೊಳಗಿನ ಮೌನ. ದೊಡ್ಡಮ್ಮ ಸುಮ್ಮನೆ ಕೂತರೆ ಅವರ ಪಾಲಿಗೆ ದೊಡ್ಡಮ್ಮ ಇಲ್ಲವೇ ಇಲ್ಲ. ಕೋಪ ಮಾಡಿಕೊಂಡಿದ್ದಾಳಾ, ಎದ್ದು ಹೋದಳಾ, ನಿದ್ದೆ ಮಾಡುತ್ತಿದ್ದಾಳಾ, ಗೊತ್ತಾಗುವುದಿಲ್ಲ. ಮೇಲಿನ ಮನೆಯಲ್ಲಿ ಅತ್ತಿಗೆ ಮೆಲ್ಲಗೆ ಫೋನಲ್ಲಿ ಮಾತಾಡಿದರೆ ತನ್ನ ವಿಷಯವೇ ಅಂತ ಅನುಮಾನ. ‘ಯಾರದು? ಯಾರು ಬಂದದ್ದು? ಏನಂದ್ರು?’ ದಿನಕ್ಕೆ ನೂರು ಸಲ. ಇತ್ತ ದೊಡ್ಡಮ್ಮ ಜೀವನವಿಡೀ ಮಾತು ಕಡಿಮೆ. ಈಗ ರೇಡಿಯೋ ಕಾಮೆಂಟರಿಯ ಹಾಗೆ ಹೇಳುತ್ತಲೇ ಇರಬೇಕು: ಈಗ ಬಾಗಿಲು ಹಾಕ್ದೆ, ಈಗ ಸೊಪ್ಪು ಬಿಡಿಸ್ತಿದ್ದೀನಿ, ಹಾಲಿನವನು ಬಂದ. ‘ಬಾಯಿ ನೋಯುತ್ತೆ ಕಣೋ’ ಅಂದರು ನನ್ನ ಹತ್ತಿರ. ಅದು ತಮಾಷೆಯ ಮಾತಲ್ಲ. ಮಾತಿಲ್ಲದೆ ಸಂಸಾರ ಮಾಡಿದವರಿಗೆ 67ನೇ ವಯಸ್ಸಲ್ಲಿ ಮಾತು ಕಲಿಯುವುದು ಸುಲಭವಲ್ಲ.

ದುಡ್ಡಿನ ವಿಷಯ ಇನ್ನೂ ಸೂಕ್ಷ್ಮ. ಬಾಡಿಗೆ, ಸಣ್ಣ ಪಿಂಚಣಿ, ಎಲ್ಲಾ ಲೆಕ್ಕ ದೊಡ್ಡಪ್ಪನದು. ದೊಡ್ಡಮ್ಮ ಬ್ಯಾಂಕಿನ ಒಳಗೆ ಹೋದವರಲ್ಲ. ಒಂದು ದಿನ ಸಹಿ ಹೊಂದುವುದಿಲ್ಲ ಅಂತ ಬ್ಯಾಂಕಿನವರು ಚೆಕ್ ವಾಪಸ್ ಕಳಿಸಿದರು. ಯಾವ ಬ್ಯಾಂಕ್ ಅಂತ ಬೇಡ. ಹೋಗಿ ಕೇಳಿದರೆ, ‘ನಿಮಗೆ ಕಾಣಲ್ಲ, ಚೆಕ್ ಬುಕ್, ಕಾರ್ಡು ಯಾಕೆ? ಮಗನ ಹೆಸರಿಗೆ ಮಾಡಿಸಿಬಿಡಿ’ ಅಂದರು. ಕಣ್ಣು ಕಾಣದವರಿಗೆ ಚೆಕ್ ಬುಕ್, ಎಟಿಎಂ, ಲಾಕರ್ ಯಾವುದನ್ನೂ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2008ರಲ್ಲೇ ಸುತ್ತೋಲೆ ಹೊರಡಿಸಿದೆ. ನಾನು ಅದರ ಪ್ರಿಂಟ್ ತೆಗೆದುಕೊಟ್ಟೆ. ದೊಡ್ಡಪ್ಪ ಅದನ್ನು ಮಡಚಿ ಜೇಬಲ್ಲಿಟ್ಟುಕೊಂಡು ಮತ್ತೆ ಹೋದರು. ಖಾತೆ ಜಂಟಿ ಮಾಡಿಸಿದರು. ಆದರೆ ಮಗನ ಜೊತೆಯಲ್ಲಲ್ಲ, ಹೆಂಡತಿ ಜೊತೆ.

ಅಣ್ಣ ಕುದ್ದುಹೋದ. ಅವನ ಕಡೆಯಿಂದಲೂ ಒಂದು ನ್ಯಾಯ ಇದೆ. ಆಸ್ಪತ್ರೆ ಖರ್ಚು ಅವನದು, ರಜೆ ಹಾಕಿ ಓಡಾಡಿದವನು ಅವನು. ‘ನನ್ನ ಮೇಲೆ ನಂಬಿಕೆ ಇಲ್ವಾ? ಅಮ್ಮನಿಗೆ ಎಟಿಎಂ ಗೊತ್ತಾ?’ ಅಂತ ಕೇಳಿದ. ದೊಡ್ಡಪ್ಪ ಕೊಟ್ಟ ಉತ್ತರ ನನಗೆ ಸರಿ ಅನ್ನಿಸಿತು. ‘ನಂಬಿಕೆ ಇದೆ. ಆದ್ರೆ ನಿನ್ನ ಹತ್ರ ನಾನು ಕೇಳಿ ಇಸ್ಕೋಬೇಕು. ಅವಳ ಹತ್ರ ಕೇಳೋದು ನಂಗೆ ಅವಮಾನ ಅಲ್ಲ.’ ಇಬ್ಬರೂ ಮೂರು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಒಬ್ಬರಿಗೆ ಹೇಗೂ ಮುಖ ಕಾಣುವುದಿಲ್ಲ ಅಂತ ಅತ್ತಿಗೆ ಅಂದದ್ದಕ್ಕೆ ಅಣ್ಣನಿಗೇ ನಗು ಬಂದು ಸರಿಹೋಯಿತು. ಅತ್ತಿಗೆಯೇ ದೊಡ್ಡಮ್ಮನಿಗೆ ಎಟಿಎಂ ಕಲಿಸಿದರು.

ಮನೆಯೊಳಗೆ ಯಾರಿಗೂ ಹೇಳದ ಒಂದು ವಿಷಯ ನಡೆಯುತ್ತಿತ್ತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹಳ್ಳಿಗಳಲ್ಲಿ ಇದು ಎಲ್ಲಿಂದೆಲ್ಲಿಗೋ ಹೋಗುತ್ತದೆ. ದೊಡ್ಡಪ್ಪನಿಗೆ ಮನುಷ್ಯರು ಕಾಣಿಸತೊಡಗಿದ್ದರು. ಸಂಜೆ ಹೊತ್ತು ಗೇಟಿನ ಹತ್ತಿರ ಕೆಂಪು ಸೀರೆಯ ಹೆಂಗಸು. ಕೆಲವೊಮ್ಮೆ ಸಾಲಾಗಿ ಪುಟ್ಟ ಮಕ್ಕಳು. ಯಾರೂ ಮಾತಾಡುವುದಿಲ್ಲ, ಹತ್ತಿರ ಬರುವುದಿಲ್ಲ, ಸೀರೆಯ ಅಂಚು ಮಾತ್ರ ನೂಲು ನೂಲಾಗಿ ಕಾಣುತ್ತದೆ. ಕಣ್ಣೇ ಕಾಣದವನಿಗೆ ಇಷ್ಟು ಚೆನ್ನಾಗಿ ಕಾಣುವುದು ಹೇಗೆ? ತಲೆ ಕೆಟ್ಟಿತು ಅಂದುಕೊಂಡು ಅವರು ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಒಂದು ದಿನ ತಡೆಯಲಾರದೆ ‘ಆಯಮ್ಮನ್ನ ಒಳಗೆ ಕರಿ, ಎಷ್ಟೊತ್ತು ನಿಂತಿರ್ತಾಳೆ’ ಅಂದುಬಿಟ್ಟರು. ದೊಡ್ಡಮ್ಮ ಗೇಟಿಗೆ ಹೋಗಿ ನೋಡಿದರೆ ಯಾರೂ ಇಲ್ಲ. ಯಾರು ಆ ಹೆಂಗಸು ಅಂತ ಮೊದಲು ಅನುಮಾನ, ಆಮೇಲೆ ಭಯ. ಊರಿಂದ ಫೋನಲ್ಲಿ ಸಲಹೆಗಳು ಬಂದವು: ಗಾಳಿ, ತಾಯತ, ಹರಕೆ.

ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಅಂತ ಹೆಸರು. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆ ಎಂಬ ವಿದ್ವಾಂಸ 1760ರಲ್ಲಿ, ಕಣ್ಣು ಮಂಜಾಗಿದ್ದ ತನ್ನ ಅಜ್ಜನಿಗೆ ಹೀಗೆ ಜನ, ಹಕ್ಕಿ, ಕಟ್ಟಡ ಕಾಣುವುದನ್ನು ಬರೆದಿಟ್ಟ. ಕಣ್ಣಿನಿಂದ ಬರುವ ಸುದ್ದಿ ಕಡಿಮೆಯಾದಾಗ ಮೆದುಳು ತಾನೇ ಚಿತ್ರ ಹುಟ್ಟಿಸಿಕೊಳ್ಳುತ್ತದೆ. ಇದು ಹುಚ್ಚಲ್ಲ, ದೆವ್ವವೂ ಅಲ್ಲ. ಕಾಣುವವರಿಗೂ ಸಾಮಾನ್ಯವಾಗಿ ಅದು ನಿಜವಲ್ಲ ಅಂತ ಗೊತ್ತಿರುತ್ತದೆ, ಇಲ್ಲವೇ ತಿಳಿಸಿ ಹೇಳಿದರೆ ಗೊತ್ತಾಗುತ್ತದೆ. ಬೇರೆ ಕಾಯಿಲೆಗಳಲ್ಲೂ ಇಲ್ಲದ್ದು ಕಾಣಬಹುದಾದ್ದರಿಂದ ಡಾಕ್ಟರಿಗೆ ಹೇಳಲೇಬೇಕು. ಡಾಕ್ಟರು ಇದನ್ನು ವಿವರಿಸಿದಾಗ ದೊಡ್ಡಪ್ಪ ಅಲ್ಲೇ ಕುರ್ಚಿಯಲ್ಲಿ ಅತ್ತುಬಿಟ್ಟರಂತೆ. ಈಗಲೂ ಆ ಹೆಂಗಸು ಬರುತ್ತಾಳೆ. ದೊಡ್ಡಮ್ಮ ‘ಬಂದ್ಲಾ ನಿಮ್ಮವಳು? ಇವತ್ತೂ ಅದೇ ಸೀರೆನಾ?’ ಅಂತ ಕೇಳುತ್ತಾರೆ.

ದೊಡ್ಡಮ್ಮನ ಬಗ್ಗೆ ಯಾರೂ ಕೇಳುವುದಿಲ್ಲ. ಬಂದವರೆಲ್ಲ ‘ಪಾಪ, ಅವರಿಗೆ ಹೀಗಾಯ್ತಲ್ಲ’ ಅನ್ನುತ್ತಾರೆ, ಆಮೇಲೆ ಅವರ ಕಡೆ ತಿರುಗಿ ‘ನೀನು ಗಾಂಧಾರಿ ಥರ ನೋಡ್ಕೊಳ್ತಿದ್ದೀಯಮ್ಮ’ ಅಂತ ಹೊಗಳುತ್ತಾರೆ. ಒಮ್ಮೆ ನನ್ನ ಮುಂದೆಯೇ ಅವರಿಗೆ ರೇಗಿತು. ‘ಗಾಂಧಾರಿಗೆ ದಾಸಿಯರಿದ್ರು, ಕಣ್ಣು ಕಟ್ಕೊಂಡ್ಳು. ನಾನು ಕಟ್ಕೊಂಡ್ರೆ ಅಕ್ಕಿ ಆರ್ಸೋರು ಯಾರು, ಇವರ ಕಣ್ಣಿಗೆ ಹನಿ ಹಾಕೋರು ಯಾರು?’ ಹನಿ ದಿನಕ್ಕೆ ಮೂರು ಹೊತ್ತು, ಎರಡು ಬಗೆ, ನಡುವೆ ಐದು ನಿಮಿಷ ಬಿಡಬೇಕು. ಅದಕ್ಕೆ ಅವರ ದಿನವೇ ಕಟ್ಟುಬಿದ್ದಿದೆ. ಒಂದೂವರೆ ವರ್ಷ ತವರಿಗೆ ಬರಲಿಲ್ಲ. ತಮ್ಮ ಮಂಡಿನೋವು ಯಾರಿಗೂ ಹೇಳಲಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 418 ದಂಪತಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಗಿದೆ. ಒಬ್ಬರಿಗೆ ದೃಷ್ಟಿ ಕಡಿಮೆಯಾದರೆ ಇನ್ನೊಬ್ಬರ ಮನಸ್ಸು, ಮೈ, ಹೊರಗಿನ ಓಡಾಟ, ದಾಂಪತ್ಯದ ನೆಮ್ಮದಿ ಎಲ್ಲವೂ ಕುಸಿಯುತ್ತದೆ ಅಂತ ಅದರಲ್ಲಿ ಕಂಡುಬಂತು. ಕಾಯಿಲೆ ಒಬ್ಬರಿಗೆ, ಚೀಟಿ ಒಬ್ಬರ ಹೆಸರಿಗೆ, ಅನುಭವಿಸುವವರು ಇಬ್ಬರು.

ಹೋದ ವರ್ಷ ನಮ್ಮೂರ ಜಾತ್ರೆಗೆ ದೊಡ್ಡಮ್ಮ ಹೊರಟೇಬಿಟ್ಟರು. ‘ನಂಗೂ ಎರಡು ದಿನ ಬೇಕು’ ಅಂದರು. ದೊಡ್ಡಪ್ಪ ‘ಹೋಗು, ವಾಪಸ್ ಬರ್ಬೇಡ’ ಅಂದರು. ಅಂದದ್ದನ್ನು ಕೇಳಿಸಿಕೊಂಡೇ ಅವರು ಟಿನ್ ಫ್ಯಾಕ್ಟರಿಗೆ ಬಂದು, ಶಕ್ತಿ ಯೋಜನೆಯ ಫ್ರೀ ಟಿಕೆಟ್ಟಲ್ಲಿ ಬಸ್ಸು ಹತ್ತಿದರು. ನಮ್ಮ ಮನೆಗೆ ಬಂದು ಜಾತ್ರೆಗೂ ಹೋಗಲಿಲ್ಲ. ಸಂಜೆ ಏಳಕ್ಕೆ ಮಲಗಿದವರು ಬೆಳಿಗ್ಗೆ ಒಂಬತ್ತಕ್ಕೆ ಎದ್ದರು. ಅಮ್ಮ ಎಬ್ಬಿಸಲು ಹೋದರೆ ನಾನೇ ತಡೆದೆ. ಮಧ್ಯಾಹ್ನ ಒಂದು ಫೋನ್. ದೊಡ್ಡಪ್ಪ. ‘ಕಾಫಿ ನಾನೇ ಮಾಡ್ಕೊಂಡೆ. ಹಾಲು ಉಕ್ಕೋ ಸದ್ದು ಗೊತ್ತಾಗುತ್ತೆ’ ಅಂತ ಅಷ್ಟೇ ಹೇಳಿ ಇಟ್ಟರು. ಬೈದದ್ದಕ್ಕೆ ಕ್ಷಮೆ ಗಿಮೆ ಏನಿಲ್ಲ. ದೊಡ್ಡಮ್ಮನಿಗೆ ಕೋಪ ಇಳಿದಿರಲಿಲ್ಲ, ಆದರೂ ಇನ್ನೊಂದು ದಿನ ಧೈರ್ಯವಾಗಿ ಇದ್ದರು. ಈಗ ಎರಡು ತಿಂಗಳಿಗೊಮ್ಮೆ ಬರುತ್ತಾರೆ. ಆ ದಿನಗಳಲ್ಲಿ ಹನಿ ಹಾಕುವುದು ಅಣ್ಣನ ಪಾಳಿ.

ಇದೇ ಹೊತ್ತಿಗೆ ಜೀವನ್ ಬಿಮಾ ನಗರದಲ್ಲಿರುವ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ ಸಂಸ್ಥೆಯ ವಿಷಯ ಗೊತ್ತಾಯಿತು. ‘ಅದು ಕುರುಡರಿಗೆ, ನಂಗಲ್ಲ’ ಅಂತ ದೊಡ್ಡಪ್ಪ ಆರು ತಿಂಗಳು ಹಟ ಹಿಡಿದರು. ಬಿಳಿ ಕೋಲು ಹಿಡಿದರೆ ಬಾಡಿಗೆಯವರು ಏನಂದುಕೊಳ್ಳುತ್ತಾರೆ ಎನ್ನುವ ಚಿಂತೆ. ಕೊನೆಗೆ ಕಲಿತದ್ದರಲ್ಲಿ ಒಂದು ಸಣ್ಣ ವಿಷಯ ಅವರ ಸಂಸಾರವನ್ನೇ ಬದಲಾಯಿಸಿತು ಅನ್ನಬೇಕು. ಕಣ್ಣು ಕಾಣದವರನ್ನು ಕೈ ಹಿಡಿದು ಎಳೆಯಬಾರದು, ಹಿಂದಿನಿಂದ ತಳ್ಳಲೂ ಬಾರದು. ಅವರೇ ನಮ್ಮ ಮೊಣಕೈ ಮೇಲ್ಭಾಗ ಹಿಡಿದುಕೊಳ್ಳಬೇಕು, ಅರ್ಧ ಹೆಜ್ಜೆ ಹಿಂದೆ ನಡೆಯಬೇಕು. ನಮ್ಮ ಮೈ ತಿರುಗಿದ್ದು, ಇಳಿದದ್ದು ಅವರಿಗೆ ಕೈಯಲ್ಲೇ ತಿಳಿಯುತ್ತದೆ.

ದೊಡ್ಡಮ್ಮ ಮದುವೆಯಾದಾಗಿನಿಂದ ಗಂಡನ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆದವರು. ಈಗ ಮುಂದೆ ಅವರು, ಹಿಂದೆ ಇವರು. ಅದೂ ಮೇನ್ ರೋಡಲ್ಲಿ, ಎಲ್ಲರೆದುರು, ತೋಳು ಹಿಡಿದುಕೊಂಡು. ಮೊದಲ ದಿನ ನಾಚಿಕೆಯಿಂದ ಸೆರಗು ಕೈಮೇಲೆ ಎಳೆದುಕೊಂಡರು. ‘ಜನ ನೋಡ್ತಾರೆ’ ಅಂದದ್ದಕ್ಕೆ ದೊಡ್ಡಪ್ಪ ‘ನೋಡ್ಲಿ, ನಂಗೆ ಕಾಣಲ್ಲ’ ಅಂದರು. ಫುಟ್‌ಪಾತ್ ಕಲ್ಲು ಕಿತ್ತಿದೆ, ಅಂಗಡಿಯವರ ಬೋರ್ಡು, ಅಡ್ಡ ನಿಂತ ಸ್ಕೂಟರು. ‘ಇಲ್ನೋಡಿ’ ಅಂದರೆ ಇಲ್ಲಿ ನಡೆಯುವುದಿಲ್ಲ. ‘ಒಂದು ಮೆಟ್ಲು ಇಳೀರಿ, ಎಡಕ್ಕೆ ಗುಂಡಿ, ಈಗ ಸರಿ’ ಅಂತ ಬಿಡಿಸಿ ಹೇಳಬೇಕು. ಹೇಳುತ್ತಾರೆ.

ಮನೆಯಲ್ಲೂ ಒಂದಿಷ್ಟು ಬದಲಾಗಿದೆ. ಸ್ಟೂಲು, ಬಕೆಟ್ಟು ಇದ್ದಲ್ಲೇ ಇರಬೇಕು, ಬಾಗಿಲು ಪೂರ್ತಿ ತೆರೆದಿರಬೇಕು ಇಲ್ಲವೇ ಪೂರ್ತಿ ಹಾಕಿರಬೇಕು. ತಟ್ಟೆಯನ್ನು ಗಡಿಯಾರದ ಲೆಕ್ಕದಲ್ಲಿ ಹೇಳುವುದು: ಮೂರು ಗಂಟೆಗೆ ಪಲ್ಯ, ಒಂಬತ್ತಕ್ಕೆ ಉಪ್ಪಿನಕಾಯಿ. ಮುದ್ದೆ ದಿನ ಇದೂ ಬೇಕಿಲ್ಲ, ಕೈಗೇ ಗೊತ್ತು. ಮದುವೆಮನೆಯ ಬಾಳೆಲೆ ಇನ್ನೂ ಸುಲಭ ಅನ್ನುತ್ತಾರೆ ದೊಡ್ಡಪ್ಪ. ಎಡತುದಿಗೆ ಉಪ್ಪು ಅಂದರೆ ಎಡತುದಿಗೇ ಉಪ್ಪು. ಬಫೆ ಮಾಡಿದವನ ಮನೆ ಹಾಳಾಗ ಅಂತ ಬೈಯುವುದೂ ಇದೆ. ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನ ‘ಮನಿ’ ಎಂಬ ಆ್ಯಪ್ ಇದೆ, 2020ರಲ್ಲಿ ಬಂದದ್ದು, ಕ್ಯಾಮೆರಾ ಹಿಡಿದರೆ ಎಷ್ಟರ ನೋಟು ಅಂತ ಹೇಳುತ್ತದೆ. ಆ್ಯಪ್ ಇಲ್ಲದಿದ್ದರೂ ನೋಟಿನ ಎರಡು ಅಂಚಿನಲ್ಲಿ ಉಬ್ಬು ಗೆರೆಗಳಿರುತ್ತವೆ: ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿದರೆ ಫೋನೇ ಓದಿ ಹೇಳುತ್ತದೆ. ನೀವು ಈಗ ಓದುತ್ತಿರುವ ಫೋನಲ್ಲೂ ಅದು ಇರುತ್ತದೆ, ಮನೆಯ ಹಿರಿಯರಿಗೆ ಒಮ್ಮೆ ತೋರಿಸಿ.

ದೊಡ್ಡಪ್ಪ ಈಗ ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಾರೆ. ‘ಇವಳೇ’ ಅಂದರೆ ಅತ್ತಿಗೆಯೂ ಓಗೊಡುತ್ತಿದ್ದರು, ಅದಕ್ಕೆ ಅಂತ ಕಾರಣ ಕೊಡುತ್ತಾರೆ. ಮೊದಲ ಸಲ ಕೂಗಿದಾಗ ಯಾರೋ ಹೊಸಬರು ಬಂದರು ಅಂತ ಬಾಡಿಗೆಯವರು ಮೇಲಿಂದ ಬಗ್ಗಿ ನೋಡಿದರಂತೆ. ದೊಡ್ಡಮ್ಮ ಮಾತ್ರ ಹೆಸರಿಗೆ ಇಳಿದಿಲ್ಲ, ಇಳಿಯುವುದೂ ಇಲ್ಲ. ಆದರೆ ಚಿನ್ನದ ಬಳೆಯ ಜೊತೆಗೆ ಮತ್ತೆ ಗಾಜಿನ ಬಳೆ ಹಾಕಿಕೊಂಡಿದ್ದಾರೆ, ಕೈ ತುಂಬ. ಸದ್ದಾಗುತ್ತದೆ.

ಒಂದು ಕೆಲಸ ಮಾತ್ರ ಬಾಕಿ. ಗ್ಲಾಕೋಮಾ ರಕ್ತಸಂಬಂಧಿಗಳಿಗೂ ಬರುವ ಸಂಭವ ಹೆಚ್ಚು. ಒಡಹುಟ್ಟಿದವರು, ಮಕ್ಕಳು 40 ದಾಟಿದ ಮೇಲೆ ಕಣ್ಣಿನ ಒತ್ತಡ, ನರ ಎರಡನ್ನೂ ಪರೀಕ್ಷಿಸಿಕೊಳ್ಳಬೇಕು. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿದರೆ ಇದು ಗೊತ್ತಾಗುವುದಿಲ್ಲ. ಕಣ್ಣು ಕೆಂಪಾಯಿತು ಅಂತ ಮೆಡಿಕಲ್ ಶಾಪಲ್ಲಿ ಕೇಳಿ ಸ್ಟಿರಾಯ್ಡ್ ಹನಿ ತಿಂಗಳುಗಟ್ಟಲೆ ಹಾಕಿಕೊಳ್ಳುವುದರಿಂದಲೂ ಈ ಕಾಯಿಲೆ ಬರಬಹುದು, ಅದನ್ನೂ ನೆನಪಿಡಿ. ಅಣ್ಣ ತೋರಿಸಿಕೊಂಡ, ಸದ್ಯಕ್ಕೆ ಏನಿಲ್ಲ, ವರ್ಷಕ್ಕೊಮ್ಮೆ ಬರಬೇಕು ಅಂದಿದ್ದಾರೆ. ದೊಡ್ಡಪ್ಪನ ತಮ್ಮ ಇಲ್ಲೇ ನಮ್ಮ ಪಕ್ಕದ ಹಳ್ಳಿಯಲ್ಲಿ ಇದ್ದಾರೆ. ಹೋದ ವಾರ ಸಿಕ್ಕಾಗ ಹಣೆಗೆ ಪಟ್ಟಿ ಹಾಕಿಕೊಂಡಿದ್ದರು. ಏನಾಯ್ತು ಅಂದರೆ, ‘ಏನಿಲ್ಲ, ದನದ ಕೊಟ್ಟಿಗೆ ಬಾಗಿಲು ತಾಗ್ತು’ ಅಂದರು. ಚಿಕ್ಕಬಳ್ಳಾಪುರಕ್ಕೆ ಹೋಗೋಣ, ನಾನೇ ಕರೆದುಕೊಂಡು ಹೋಗ್ತೀನಿ ಅಂದೆ. ಟೊಮೆಟೊ ಒಂದು ಕಟಾವು ಮುಗೀಲಿ ಅಂತಾರೆ.